ಒತ್ತು ಶಾವಿಗೆ, ಕೈಮ ಮತ್ತು ಸಕ್ಕರೆ ಕಾಯಿಲೆ

ಚಿತ್ರದುರ್ಗ ಸೀಮೆಯಲ್ಲಿ ಸಕ್ಕರೆ ಕಾಯಿಲೆಯ ಮಾತು ಬಂದಾಗಲೆಲ್ಲ ಕೇಳಿಬರುವ ಸಲಹೆ ಸಾಮಾನ್ಯವಾಗಿ ಒಂದೇ: 'ಅನ್ನ ಬಿಡಿ, ಮುದ್ದೆ ಉಣ್ಣಿ.' ಈಚಿನ ವರ್ಷಗಳಲ್ಲಿ ಈ ಸಲಹೆಗೆ ಸಾವೆ, ನವಣೆಗಳೂ ಸೇರಿಕೊಂಡಿವೆ. ಸಿರಿಧಾನ್ಯ ಉಂಡವರಿಗೆ ಸಕ್ಕರೆ ಏರುವುದಿಲ್ಲ, ಹಾಗಾಗಿ ಅಳತೆಯ ಗೊಡವೆ ಬೇಡ ಎಂದು ನಂಬಿದವರು ಪೇಟೆಯಲ್ಲೂ ಇದ್ದಾರೆ, ಹಳ್ಳಿಯಲ್ಲೂ ಇದ್ದಾರೆ. ಮಾತ್ರೆಯನ್ನೇ ಬಿಟ್ಟು ಧಾನ್ಯವನ್ನು ನೆಚ್ಚಿಕೊಂಡವರೂ ಉಂಟು.

ಈ ನಂಬಿಕೆಯಲ್ಲಿ ನಿಜಾಂಶ ಇಲ್ಲದೆ ಇಲ್ಲ. ಆದರೆ ಧಾನ್ಯ ಬದಲಾದ ಮಾತ್ರಕ್ಕೆ ಊಟ ಬದಲಾಗುವುದಿಲ್ಲ. ತಟ್ಟೆಯಲ್ಲಿ ಧಾನ್ಯದ ಪಾಲು ಎಷ್ಟು, ಅದರ ಜೊತೆಗೆ ಏನಿದೆ, ಎಣ್ಣೆ ಎಷ್ಟು ಬಿದ್ದಿದೆ ಎಂಬುದರ ಮೇಲೆ ರಕ್ತದ ಸಕ್ಕರೆಯ ಏರಿಳಿತ ನಿಂತಿದೆ. ಇದನ್ನು ಅರಿಯಲು ದೂರ ಹೋಗಬೇಕಿಲ್ಲ. ಈ ಭಾಗದ ಮನೆಗಳಿಗೆ ಪರಿಚಿತವಾದ ಒತ್ತು ಶಾವಿಗೆ ಮತ್ತು ಕೈಮದ ಊಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ಟರ್ಕಿ ಎಂಬ ಹಕ್ಕಿ

ಅಮೆರಿಕದಲ್ಲಿ ಮಧುಮೇಹಿಗಳಿಗೆ ಸೂಚಿಸುವ ಮನೆಯಡುಗೆಗಳಲ್ಲಿ ಟರ್ಕಿ ಕೋಳಿಯ ಕೈಮ ಮತ್ತು ನೂಡಲ್ಸ್ ಸೇರಿಸಿ ಮಾಡುವ ರಾತ್ರಿಯೂಟ ಜನಪ್ರಿಯ. ದನದ ಮಾಂಸಕ್ಕಿಂತ ಟರ್ಕಿಯ ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆ ಎಂಬುದು ಇದಕ್ಕೆ ಕಾರಣ. ಮಾಂಸವನ್ನು ಕೈಮ ಮಾಡಿದರೆ ಸ್ವಲ್ಪವೇ ಮಾಂಸ ಇಡೀ ಪಾತ್ರೆಗೆ ರುಚಿ ಕೊಡುತ್ತದೆ, ತರಕಾರಿಯೊಡನೆ ಬೆರೆಯುತ್ತದೆ, ಹಲ್ಲಿಲ್ಲದ ಹಿರಿಯರೂ ತಿನ್ನಬಹುದು.

ಟರ್ಕಿ ಕೋಳಿ ಭಾರತಕ್ಕೆ ಹೊಸದೇನಲ್ಲ. ಮೆಕ್ಸಿಕೋ ಮೂಲದ ಈ ಹಕ್ಕಿ ಪೋರ್ಚುಗೀಸರ ಮೂಲಕ ಗೋವಾಕ್ಕೆ ಬಂತು. 1612ರಲ್ಲಿ ಮುಕರ್ರಬ್ ಖಾನ್ ಎಂಬ ಅಧಿಕಾರಿ ಗೋವಾದಿಂದ ಒಂದನ್ನು ಮೊಗಲ್ ದೊರೆ ಜಹಾಂಗೀರನಿಗೆ ತಂದೊಪ್ಪಿಸಿದ. ದೊರೆ ಬೆರಗಾಗಿ ಅದರ ಬಣ್ಣ, ಕೊರಳಿನ ಜೋಲನ್ನು ತನ್ನ ದಿನಚರಿಯಲ್ಲಿ ವರ್ಣಿಸಿದ. ಆಸ್ಥಾನ ಚಿತ್ರಕಾರ ಮನ್ಸೂರ್ ಬರೆದ ಅದರ ಚಿತ್ರ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಇಂಗ್ಲಿಷರು ಈ ಹಕ್ಕಿಗೆ ಟರ್ಕಿ ದೇಶದ ಹೆಸರಿಟ್ಟರೆ, ಟರ್ಕಿಯವರು ಅದನ್ನು 'ಹಿಂದಿ' ಅಂದರೆ ಭಾರತದ್ದು ಎಂದು ಕರೆಯುತ್ತಾರೆ!

ಚಿತ್ರ ಬರೆಸಿಕೊಂಡರೂ ಟರ್ಕಿ ನಮ್ಮ ಅಡುಗೆ ಮನೆಗೆ ಬರಲಿಲ್ಲ. ಹಿರಿಯೂರು, ಹೊಸದುರ್ಗದ ಮಾಂಸದಂಗಡಿಯಲ್ಲಿ ಅದನ್ನು ಹುಡುಕಿ ಬಳಲುವ ಅಗತ್ಯವೂ ಇಲ್ಲ. ಚರ್ಮ ತೆಗೆದ ಕೋಳಿಯ ಎದೆಯ ಮಾಂಸದ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಟರ್ಕಿಯದೂ ಹೆಚ್ಚು ಕಡಿಮೆ ಅಷ್ಟೇ. ಚರ್ಮ, ಕೊಬ್ಬು ಸೇರಿಸಿ ರುಬ್ಬಿದರೆ ಟರ್ಕಿಯ ಕೈಮವೂ ಹಗುರವಾಗಿ ಉಳಿಯುವುದಿಲ್ಲ.

ಇನ್ನು ನೂಡಲ್ಸ್. ಪೊಟ್ಟಣದ ದಿಢೀರ್ ನೂಡಲ್ಸ್ 1983ರಲ್ಲಿ ಭಾರತದ ಮಾರುಕಟ್ಟೆಗೆ ಬಂದು ಮನೆಮಾತಾಯಿತು. ಆದರೆ ಹಿಟ್ಟನ್ನು ಎಳೆಯಾಗಿ ಒತ್ತುವ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. ಶಾವಿಗೆ ಎಂಬುದು ಅದರದೇ ಹೆಸರು. ಬಿಸಿಲಿಗೆ ಒಣಗಿಸಿ ಡಬ್ಬಿಗೆ ತುಂಬುವ ಗೋಧಿ ಶಾವಿಗೆ ಒಂದು ಬಗೆಯಾದರೆ, ಬೆಂದ ಹಿಟ್ಟನ್ನು ಬಿಸಿಯಾಗಿರುವಾಗಲೇ ಒರಳಿಗೆ ತುಂಬಿ ಒತ್ತುವ ಒತ್ತು ಶಾವಿಗೆ ಇನ್ನೊಂದು ಬಗೆ. ಒಬ್ಬರು ಒರಳನ್ನು ಹಿಡಿದು, ಇನ್ನೊಬ್ಬರು ಮೈಭಾರ ಬಿಟ್ಟು ಒತ್ತಿದರೆ ತಟ್ಟೆಗೆ ಎಳೆ ಇಳಿಯುತ್ತದೆ. ಹಬ್ಬದ ದಿನ ಇದಕ್ಕೆ ಬೆಲ್ಲದ ಕಾಯಿಹಾಲು. ನೆಂಟರು ಬಂದಾಗ ಕೋಳಿ ಸಾರು ಇಲ್ಲವೆ ಕೈಮ.

ಒಣಭೂಮಿಯ ಕಾಳು

ಚಿತ್ರದುರ್ಗ ಜಿಲ್ಲೆ ರಾಜ್ಯದ ಮಳೆ ಕಡಿಮೆಯಾದ ಜಿಲ್ಲೆಗಳಲ್ಲಿ ಒಂದು. ವೇದಾವತಿ ನದಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿ 1907ರ ಹೊತ್ತಿಗೆ ಮುಗಿದ ವಾಣಿವಿಲಾಸ ಸಾಗರ, 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಸುಮಾರು 90 ವರ್ಷ ಕಾಯಬೇಕಾಯಿತೆಂದರೆ ಇಲ್ಲಿನ ಮಳೆಯ ಸ್ವಭಾವ ತಿಳಿಯುತ್ತದೆ. ಇಂಥ ನೆಲದಲ್ಲಿ ಕಡಿಮೆ ನೀರಿಗೆ ಬರುವ ರಾಗಿ, ನವಣೆ, ಸಾವೆ ಜನರ ಹೊಟ್ಟೆ ಹೊರೆದವು. ಹೊಸದುರ್ಗ ತಾಲ್ಲೂಕು ಇಂದಿಗೂ ಸಾವೆಗೆ ಹೆಸರಾಗಿದೆ. ಮೈಸೂರು ಕಡೆಯವರು ಸಾಮೆ ಎನ್ನುವುದು ಇದನ್ನೇ.

ಸಾವೆಯ ಕಾಳಿಗೆ ಗಟ್ಟಿ ಸಿಪ್ಪೆ. ಹಿಂದೆ ಇದನ್ನು ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿ ಬಿಡಿಸುತ್ತಿದ್ದರು. ಓಬವ್ವನ ಕೈಯಲ್ಲಿ ಆಯುಧವಾದ ಒನಕೆ ಈ ನಾಡಿನ ಹೆಂಗಸರ ನಿತ್ಯದ ಸಲಕರಣೆಯಾಗಿತ್ತು. ಕುಟ್ಟಿದಾಗ ಹೊರಸಿಪ್ಪೆ ಹೋದರೂ ಒಳಗಿನ ತೌಡಿನ ಪದರ ಬಹುಮಟ್ಟಿಗೆ ಉಳಿಯುತ್ತಿತ್ತು. ಗಿರಣಿಯಲ್ಲಿ ಬೆಳ್ಳಗೆ ಪಾಲಿಶ್ ಮಾಡಿದ ಕಾಳಿನಲ್ಲಿ ಅದು ಉಳಿಯುವುದಿಲ್ಲ. ಸಿರಿಧಾನ್ಯ ಎಂಬ ಹೆಸರಿನಲ್ಲಿ ಅಂಗಡಿಗೆ ಬರುವ ಬೆಳ್ಳನೆಯ ಸಾವೆ ಅಕ್ಕಿಗೂ ಅಜ್ಜಿಯರ ಕಾಲದ ಸಾವೆಗೂ ಇರುವ ಅಂತರ ಇದು. ಕೊಳ್ಳುವಾಗ ಮಾಸಲು ಬಣ್ಣದ, ಪಾಲಿಶ್ ಮಾಡದ ಕಾಳನ್ನು ಕೇಳಿ ಪಡೆಯುವುದು ಒಳ್ಳೆಯದು.

ಕಾಲಕ್ರಮದಲ್ಲಿ ಹೊಲಗಳಿಗೆ ಮೆಕ್ಕೆಜೋಳ, ಕೊಳವೆಬಾವಿ ಇದ್ದಲ್ಲಿ ಅಡಿಕೆ, ದಾಳಿಂಬೆ ಬಂದವು. ಊಟದ ತಟ್ಟೆಗೆ ಅಕ್ಕಿ ಬಂತು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಬಡವರ ಮನೆಯ ಹಸಿವನ್ನು ನೀಗಿತು, ಜೊತೆಗೆ ಅನ್ನವನ್ನು ಎರಡು ಹೊತ್ತಿನ ಊಟವನ್ನಾಗಿಸಿತು. ಇದೇ ಅವಧಿಯಲ್ಲಿ ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರ್, ಕಾಲ್ನಡಿಗೆಯ ಜಾಗಕ್ಕೆ ಬೈಕು ಬಂದವು. ಬೆಳಗಿನಿಂದ ಸಂಜೆಯವರೆಗೆ ನೇಗಿಲ ಹಿಂದೆ ನಡೆದವರು ಎರಡು ಮುದ್ದೆ ಉಂಡರೆ ಅದು ಮೈಯಲ್ಲಿ ಕರಗುತ್ತಿತ್ತು. ಅದೇ ಎರಡು ಮುದ್ದೆಯನ್ನು ರಾತ್ರಿ 9 ಗಂಟೆಗೆ ಟಿ.ವಿ. ಮುಂದೆ ಉಂಡು ಮಲಗಿದರೆ ಕರಗಲು ದಾರಿ ಎಲ್ಲಿದೆ? ಧಾನ್ಯ ಹಳೆಯದೇ ಆದರೂ ಉಣ್ಣುವವರ ದಿನಚರಿ ಬದಲಾಗಿದೆ. 'ಅಜ್ಜ ಉಣ್ಣುತ್ತಿದ್ದರು, ಅವರಿಗೇನೂ ಆಗಲಿಲ್ಲ' ಎಂಬ ವಾದ ಸೋಲುವುದು ಇಲ್ಲೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇದು ಪೇಟೆಯ ಶ್ರೀಮಂತರ ಕಾಯಿಲೆ ಎಂಬ ಮಾತು ಈಗ ಸಲ್ಲುವುದಿಲ್ಲ.

ಮುದ್ದೆಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕಗಳಲ್ಲಿ ನಮ್ಮ ಧಾನ್ಯಗಳ ಸತ್ವದ ವಿವರ ಸಿಗುತ್ತದೆ. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ ಪಿಷ್ಟ ಮೊದಲಾದ ಶರ್ಕರಾಂಶ ಸುಮಾರು 78 ಗ್ರಾಂ. ರಾಗಿಯಲ್ಲಿ ಸುಮಾರು 67 ಗ್ರಾಂ, ಸಾವೆಯಲ್ಲಿ ಸುಮಾರು 66 ಗ್ರಾಂ. ನಾರಿನಂಶ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ, ಸಾವೆಯಲ್ಲಿ ಸುಮಾರು 8, ರಾಗಿಯಲ್ಲಿ 11. ರಾಗಿಯಲ್ಲಿ ಸುಣ್ಣದಂಶ 364 ಮಿಲಿಗ್ರಾಂ ಇದ್ದು, ಅಕ್ಕಿ ಅದರ ಹತ್ತಿರವೂ ಸುಳಿಯುವುದಿಲ್ಲ.

ರಾಗಿ, ಸಾವೆಗಳು ಅಕ್ಕಿಗಿಂತ ಮೇಲು ಎಂಬುದು ಈ ಅಂಕಿಗಳಿಂದ ಸ್ಪಷ್ಟ. ಆದರೆ ಎಷ್ಟು ಮೇಲು? ಒಂದು ದೊಡ್ಡ ಮುದ್ದೆಗೆ 100 ಗ್ರಾಂ ಹಿಟ್ಟು ಸಲೀಸಾಗಿ ಹಿಡಿಯುತ್ತದೆ. ಅಷ್ಟೇ ತೂಕದ ಅಕ್ಕಿಯ ಅನ್ನಕ್ಕಿಂತ ಅದರಲ್ಲಿ ಶರ್ಕರಾಂಶ 11 ಗ್ರಾಂ ಮಾತ್ರ ಕಡಿಮೆ. 'ಮುದ್ದೆ ತಾನೆ' ಎಂದು ಒಂದೂವರೆ ಉಂಡರೆ 100 ಗ್ರಾಂ ಶರ್ಕರಾಂಶ ಒಳಗೆ ಹೋಯಿತು. ಆಗ ಅನ್ನ ಬಿಟ್ಟದ್ದರಿಂದ ಆದ ಲಾಭ ತಟ್ಟೆಯಲ್ಲೇ ಕರಗಿದಂತೆ.

ಇದಕ್ಕೆ ಇನ್ನೊಂದು ಮುಖವಿದೆ. ಆಹಾರ ಎಷ್ಟು ಬೇಗ ರಕ್ತದ ಸಕ್ಕರೆಯನ್ನು ಏರಿಸುತ್ತದೆ ಎಂಬುದನ್ನು ಅಳೆಯುವ 'ಗ್ಲೈಸೀಮಿಕ್ ಸೂಚ್ಯಂಕ'ವನ್ನು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ಮುಂದಿಟ್ಟರು. ಕಾಳು ಇಡಿಯಾಗಿದ್ದರೆ ಜೀರ್ಣರಸಕ್ಕೆ ಒಳಗಿನ ಪಿಷ್ಟ ಸಿಗುವುದು ನಿಧಾನ. ನುಣ್ಣಗೆ ಬೀಸಿ, ನೀರಿನಲ್ಲಿ ಕುದಿಸಿ, ಮೆತ್ತಗೆ ಮಾಡಿದಷ್ಟೂ ಪಿಷ್ಟ ಬೇಗ ಸಕ್ಕರೆಯಾಗುತ್ತದೆ. ಗೋಧಿಯ ಪಾಸ್ತಾದಲ್ಲಿ ಪಿಷ್ಟದ ಸುತ್ತ ಗ್ಲುಟೆನ್ ಎಂಬ ಪ್ರೋಟೀನಿನ ಬಲೆ ಇರುವುದರಿಂದ ಅದು ಸ್ವಲ್ಪ ತಡವಾಗಿ ಜೀರ್ಣವಾಗುತ್ತದೆ. ರಾಗಿಯಲ್ಲಿ, ಸಾವೆಯಲ್ಲಿ, ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಎಂದರೆ ಒತ್ತು ಶಾವಿಗೆಯನ್ನು ಬರಿದಾಗಿ ಉಂಡರೆ, ಅದು ರಾಗಿಯದೇ ಆಗಿದ್ದರೂ, ಸಕ್ಕರೆ ಬೇಗ ಏರಬಹುದು. ಅದಕ್ಕೆ ಬೆಲ್ಲದ ಕಾಯಿಹಾಲು ಸೇರಿದರೆ ಹೇಳುವುದೇ ಬೇಡ.

ಸಂಶೋಧನೆಗಳು ಏನು ಹೇಳುತ್ತವೆ? ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆ, ಸಿರಿಧಾನ್ಯಗಳನ್ನು ಬಳಸಿದ ಮಧುಮೇಹಿಗಳಲ್ಲಿ ಬರಿಹೊಟ್ಟೆಯ ಸಕ್ಕರೆ ಶೇ. 12ರಷ್ಟು, ಊಟದ ನಂತರದ್ದು ಶೇ. 15ರಷ್ಟು ಇಳಿಯಿತು ಎಂದಿತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದಾಗ ಈ ಅಂಕಿಗಳು ಎಲ್ಲ ವೇದಿಕೆಗಳಲ್ಲೂ ಕೇಳಿಬಂದವು. ಆದರೆ 2025ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅದೇ ಸಮೀಕ್ಷೆಯ ಆಹಾರ ಭಾಗ ಹೊರಬಂದಾಗ ಕಂಡದ್ದು ಬೇರೆ ಚಿತ್ರ. ಭಾರತೀಯರು ದಿನದ ಶಕ್ತಿಯಲ್ಲಿ ಶೇ. 62ರಷ್ಟನ್ನು ಶರ್ಕರಾಂಶದಿಂದಲೇ ಪಡೆಯುತ್ತಾರೆ. ಒಟ್ಟು ಪ್ರಮಾಣ ಇಳಿಸದೆ, ಬಿಳಿ ಅಕ್ಕಿ ಮೈದಾಗಳ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟು ಬಳಸಿದ ಮಾತ್ರಕ್ಕೆ ಮಧುಮೇಹದ ಸಾಧ್ಯತೆ ಕಡಿಮೆಯಾಗುವುದಿಲ್ಲ. ಶರ್ಕರಾಂಶದ ಸ್ವಲ್ಪ ಪಾಲನ್ನು ಕಾಳುಬೇಳೆ, ಹಾಲು ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ಅದು ಕಡಿಮೆಯಾಗುವುದು ಕಂಡುಬಂತು.

ಎರಡು ವರದಿಗಳೂ ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಅಷ್ಟೇ ಅಳತೆಯ ಅನ್ನದ ಜಾಗಕ್ಕೆ ಸಾವೆ ಬಂದರೆ ಲಾಭವುಂಟು, ಅಳತೆಯೇ ಮಿತಿಮೀರಿದರೆ ಲಾಭವಿಲ್ಲ ಎಂದು ಇವನ್ನು ಕೂಡಿಸಿ ಓದಬಹುದು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಅಕ್ಕಿ, ಗೋಧಿ, ಸಿರಿಧಾನ್ಯ ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಿ, ಅವುಗಳ ಪಾಲು ದಿನದ ಶಕ್ತಿಯ ಶೇ. 45 ಮೀರಬಾರದು ಎನ್ನುತ್ತದೆ.

ನಾಲ್ಕು ಜನಕ್ಕೆ ಅಡುಗೆ

ಈ ಲೆಕ್ಕವನ್ನು ಒಲೆಯ ಮೇಲೆ ತರುವುದು ಹೇಗೆ? ನಾಲ್ವರ ರಾತ್ರಿಯೂಟಕ್ಕೆ 200 ಗ್ರಾಂ ರಾಗಿ ಹಿಟ್ಟು ಸಾಕು. ತಲೆಗೆ 50 ಗ್ರಾಂ. ಅರ್ಧದಷ್ಟು ಸಾವೆ ಹಿಟ್ಟು ಬೆರೆಸಿದರೂ ಆದೀತು. ಕೈಮಕ್ಕೆ ಚರ್ಮ ತೆಗೆದ ಕೋಳಿ ಮಾಂಸ 300 ಗ್ರಾಂ. 60 ಗ್ರಾಂ ಹೆಸರುಕಾಳನ್ನು ಹಿಂದಿನ ದಿನವೇ ನೆನೆಸಿ ಮೊಳಕೆ ಕಟ್ಟಿಟ್ಟುಕೊಳ್ಳಬೇಕು. ಹುರುಳಿಕಾಯಿ, ಎಲೆಕೋಸು, ಹೀರೇಕಾಯಿ, ನುಗ್ಗೆಸೊಪ್ಪು ಹೀಗೆ ಸಿಕ್ಕ ತರಕಾರಿ ಸೊಪ್ಪು ಒಟ್ಟು ಅರ್ಧ ಕಿಲೋ. ಆಲೂಗಡ್ಡೆ ಬೇಡ, ಅದು ಮತ್ತೆ ಪಿಷ್ಟವೇ. ಎಣ್ಣೆ ಇಡೀ ಅಡುಗೆಗೆ 4 ಟೀ ಚಮಚ. ಅಳತೆ ಚಮಚದಿಂದಲೇ ಹಾಕಬೇಕು, ಡಬ್ಬಿ ಬಗ್ಗಿಸಿ ಸುರಿಯುವ ಅಭ್ಯಾಸ ಇಲ್ಲಿ ನಡೆಯದು. ಶೇಂಗಾ ಬೆಳೆಯುವ, ಚಳ್ಳಕೆರೆಯ ಎಣ್ಣೆ ಗಿರಣಿಗಳಿರುವ ಈ ಜಿಲ್ಲೆಯಲ್ಲಿ ಶೇಂಗಾ ಎಣ್ಣೆಯೇ ರೂಢಿ. ಒಳ್ಳೆಯದೇ. ಆದರೆ ಯಾವ ಎಣ್ಣೆಯೇ ಆಗಲಿ ಒಂದು ಟೀ ಚಮಚದಲ್ಲಿ 40 ಕ್ಯಾಲೊರಿಗೆ ಕಡಿಮೆ ಇಲ್ಲ.

ಕೈಮ ಕೊಳ್ಳುವಾಗ ಎಚ್ಚರ ಬೇಕು. ಮಾಂಸವನ್ನು ಮೊದಲು ನೋಡಿ, ಚರ್ಮ, ಹಳದಿ ಕೊಬ್ಬು ತೆಗೆಸಿ, ಕಣ್ಣೆದುರೇ ರುಬ್ಬಿಸಿಕೊಳ್ಳಬೇಕು. ಇಡಿಯಾದ ತುಂಡಿಗಿಂತ ರುಬ್ಬಿದ ಮಾಂಸ ಬೇಗ ಕೆಡುತ್ತದೆ. ಮನೆಗೆ ತಂದ ಕೂಡಲೇ ಬೇಯಿಸುವುದು ಲೇಸು. ಮನೆಯಲ್ಲೇ ಹರಿತವಾದ ಚಾಕುವಿನಿಂದ ಸಣ್ಣಗೆ ಕೊಚ್ಚಿಕೊಂಡರೂ ಸರಿಯೆ.

ಬಾಣಲೆಗೆ 3 ಚಮಚ ಎಣ್ಣೆ ಹಾಕಿ ಎರಡು ಚೂರು ಚಕ್ಕೆ, ನಾಲ್ಕು ಲವಂಗ, ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿ ಬಾಡಿಸಬೇಕು. ತಳ ಹಿಡಿಯುತ್ತಿದ್ದರೆ ಎಣ್ಣೆಯ ಬದಲು ನೀರು ಚಿಮುಕಿಸಬಹುದು. ಅರೆದ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಪುದೀನ ಹಾಕಿ ಹಸಿ ವಾಸನೆ ಹೋಗುವವರೆಗೆ ಹುರಿದು ಅರಿಸಿನ, ದನಿಯಾಪುಡಿ, ಖಾರದಪುಡಿ ಸೇರಿಸಬೇಕು. ಈಗ ಕೈಮ ಹಾಕಿ ಉಂಡೆಗಟ್ಟದಂತೆ ಬಿಡಿಸುತ್ತ ಕೆದಕಬೇಕು. ಮಾಂಸದ ಬಣ್ಣ ತಿರುಗಿದ ಮೇಲೆ ಹೆಚ್ಚಿದ ಎರಡು ಟೊಮೆಟೊ, ಮೊಳಕೆ ಹೆಸರುಕಾಳು, ಗಟ್ಟಿ ತರಕಾರಿ, ಒಂದು ಲೋಟ ನೀರು. ಮುಚ್ಚಿ ಸಣ್ಣ ಉರಿಯಲ್ಲಿ 15 ನಿಮಿಷ ಬೆಂದರೆ ಕಾಳು ಮೆತ್ತಗಾಗುತ್ತದೆ, ಮಾಂಸದಲ್ಲಿ ಎಲ್ಲೂ ಕೆಂಪು ಉಳಿಯುವುದಿಲ್ಲ. ಸೊಪ್ಪನ್ನು ಕೊನೆಗೆ ಹಾಕಿ 3 ನಿಮಿಷ ಬಿಟ್ಟರೆ ಸಾಕು. ಗಸಗಸೆ, ತೆಂಗಿನಕಾಯಿ ಅರೆದು ಹಾಕುವ ರೂಢಿಯವರು ಕಾಯಿಯನ್ನು ಎರಡು ದೊಡ್ಡ ಚಮಚಕ್ಕೆ ನಿಲ್ಲಿಸಬೇಕು. ಹೊಸದುರ್ಗ, ಹೊಳಲ್ಕೆರೆಯಂಥ ತೆಂಗಿನ ಸೀಮೆಯಲ್ಲಿ ಇದು ಕಷ್ಟದ ಮಾತೇ. ಆದರೆ ಕಾಯಿ ಕಡಿಮೆಯಾದ ರುಚಿಯನ್ನು ಇಳಿಸುವಾಗ ಹಿಂಡುವ ನಿಂಬೆಹಣ್ಣು, ಕರಿಮೆಣಸಿನಪುಡಿ ಬಹುಪಾಲು ತುಂಬಿಕೊಡುತ್ತವೆ. ಉಪ್ಪು ಒಂದು ಟೀ ಚಮಚ ಸಾಕು. ಸಕ್ಕರೆ ಕಾಯಿಲೆಯವರಲ್ಲಿ ಅನೇಕರಿಗೆ ರಕ್ತದೊತ್ತಡವೂ ಇರುತ್ತದೆ.

ಶಾವಿಗೆಗೆ ಸುಮಾರು 400 ಮಿಲಿ ಲೀಟರ್ ನೀರಿಗೆ ಚಿಟಿಕೆ ಉಪ್ಪು, ಉಳಿದ ಒಂದು ಚಮಚ ಎಣ್ಣೆ ಹಾಕಿ ಕುದಿಸಿ, ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ, ಮುದ್ದೆಗೆ ಬೇಯಿಸಿದಂತೆಯೇ ಸಣ್ಣ ಉರಿಯಲ್ಲಿ 8-10 ನಿಮಿಷ ಬಿಡಬೇಕು. ಆಮೇಲೆ ಗಂಟಿಲ್ಲದಂತೆ ತಿರುವಿ, ಕೈಗೆ ನೀರು ಮುಟ್ಟಿಸಿಕೊಂಡು ನಾದಿ, ಒರಳಿನ ಗಾತ್ರಕ್ಕೆ ಉದ್ದುದ್ದ ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸಬೇಕು. ಬಿಸಿ ಆರುವ ಮೊದಲೇ ಒತ್ತಬೇಕು. ಆರಿದ ಹಿಟ್ಟು ಒರಳಿನಲ್ಲಿ ಅಲುಗುವುದಿಲ್ಲ, ಎಳೆ ತುಂಡಾಗುತ್ತದೆ. ಒರಳಿಲ್ಲದ ಮನೆಯಲ್ಲಿ ಚಕ್ಕುಲಿ ಒರಳಿಗೆ ಸಣ್ಣ ತೂತಿನ ಬಿಲ್ಲೆ ಹಾಕಿದರೂ ಕೆಲಸ ನಡೆಯುತ್ತದೆ.

ಹೀಗೆ ಮಾಡಿದ ಒಬ್ಬರ ಪಾಲಿನಲ್ಲಿ ಅಂದಾಜು 400 ಕ್ಯಾಲೊರಿ, 45ರಿಂದ 50 ಗ್ರಾಂ ಶರ್ಕರಾಂಶ, 20 ಗ್ರಾಂಗೆ ಮೇಲ್ಪಟ್ಟು ಪ್ರೋಟೀನ್ ಇರುತ್ತದೆ. 100 ಗ್ರಾಂ ಹಿಟ್ಟಿನ ಶಾವಿಗೆಗೆ ಬೆಲ್ಲದ ಕಾಯಿಹಾಲು ಸುರಿದುಕೊಂಡರೆ ಶರ್ಕರಾಂಶವೇ 90 ಗ್ರಾಂ ಮುಟ್ಟುತ್ತದೆ. ಶಾವಿಗೆಯೆಂಬ ಹೆಸರು ಒಂದೇ ಆದರೂ ಊಟ ಎರಡು.

ತಟ್ಟೆಯ ಕ್ರಮ

50 ಗ್ರಾಂ ಹಿಟ್ಟಿನ ಶಾವಿಗೆ ಹೊಟ್ಟೆ ತುಂಬಿಸೀತೆ ಎಂಬ ಅನುಮಾನ ಸಹಜ. ಉತ್ತರ ಇರುವುದು ಬಡಿಸುವ ಕ್ರಮದಲ್ಲಿ. ಅಮೆರಿಕದ ಮಧುಮೇಹ ಸಂಘ ಹೇಳಿಕೊಡುವ ತಟ್ಟೆಯ ವಿಧಾನ ಸುಲಭವಾಗಿದೆ: 9 ಅಂಗುಲದ ತಟ್ಟೆಯ ಅರ್ಧ ಭಾಗ ತರಕಾರಿ, ಕಾಲು ಭಾಗ ಪ್ರೋಟೀನ್, ಕಾಲು ಭಾಗ ಧಾನ್ಯ. ನಮ್ಮ ಊಟದ ತಟ್ಟೆ 9 ಅಂಗುಲಕ್ಕಿಂತ ದೊಡ್ಡದು, ಹಾಗಾಗಿ ತಿಂಡಿಯ ತಟ್ಟೆಯನ್ನು ಬಳಸುವುದೇ ಮೇಲು. ನಮ್ಮ ವಾಡಿಕೆಯಲ್ಲಿ ಮೊದಲು ಮುದ್ದೆಯೋ ಶಾವಿಗೆಯೋ ತಟ್ಟೆಯ ನಡುವೆ ಕೂರುತ್ತದೆ. ಪಲ್ಯ ಅಂಚಿನಲ್ಲಿ, ನಂಚಿಕೊಳ್ಳಲು. ಈ ಕ್ರಮವನ್ನು ತಿರುಗಿಸಬೇಕಾಗಿದೆ.

ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2015ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 11 ಮಧುಮೇಹಿಗಳಿಗೆ ಒಂದು ದಿನ ಮೊದಲು ಬ್ರೆಡ್ಡು, ಕಿತ್ತಳೆ ರಸ ಕೊಟ್ಟು 15 ನಿಮಿಷದ ನಂತರ ಕೋಳಿ ಮಾಂಸ, ತರಕಾರಿ ಕೊಟ್ಟರು. ಒಂದು ವಾರ ಬಿಟ್ಟು ಅದೇ ಊಟವನ್ನು ಹಿಂದುಮುಂದಾಗಿ ಬಡಿಸಿದರು. ಮಾಂಸ, ತರಕಾರಿ ಮೊದಲು ತಿಂದ ದಿನ ಒಂದು ಗಂಟೆಯ ನಂತರದ ಸಕ್ಕರೆ ಶೇ. 37ರಷ್ಟು ಕಡಿಮೆ ಇತ್ತು. 11 ಜನರ ಪ್ರಯೋಗ ಚಿಕ್ಕದೇ. ಆದರೆ ಇದನ್ನು ಅನುಸರಿಸಲು ಕಾಸು ಬೇಕಿಲ್ಲ, ಅಡುಗೆಯೂ ಬದಲಾಗಬೇಕಿಲ್ಲ. ಒಂದು ಬಟ್ಟಲು ಸೌತೆಕಾಯಿ ಕೋಸಂಬರಿ, ಅರ್ಧ ಪಾಲು ಕೈಮ ತಿಂದು, ಆಮೇಲೆ ಶಾವಿಗೆಗೆ ಕೈ ಹಾಕಿದರೆ ಆಯಿತು. ಕೊನೆಗೆ ಒಂದು ಲೋಟ ನೀರು ಮಜ್ಜಿಗೆ. 8 ಗಂಟೆಯೊಳಗೆ ಊಟ ಮುಗಿಸಿ, ಬೀದಿಯಲ್ಲಿ 15 ನಿಮಿಷ ಅಡ್ಡಾಡಿ ಬಂದರೆ ಕಾಲಿನ ಸ್ನಾಯುಗಳೇ ಒಂದಷ್ಟು ಸಕ್ಕರೆಯನ್ನು ಬಳಸಿಕೊಳ್ಳುತ್ತವೆ.

ಕೋಳಿ ತಿನ್ನದವರಿಗೆ

ಈ ಜಿಲ್ಲೆಯಲ್ಲಿ ಕೋಳಿಯ ಅಡುಗೆ ಎಲ್ಲರ ಮನೆಗೂ ಹೊಂದುವುದಿಲ್ಲ. ಸಿರಿಗೆರೆ ಮಠ, ಮುರುಘಾ ಮಠಗಳ ಪರಂಪರೆಗೆ ಸೇರಿದ ಲಿಂಗಾಯತ ಮನೆಗಳಲ್ಲಿ ಮಾಂಸವಿಲ್ಲ. ಮಾಂಸಾಹಾರಿಗಳಾದ ಮ್ಯಾಸಬೇಡರ ಸಂಪ್ರದಾಯದಲ್ಲಿ ಕೋಳಿ ನಿಷಿದ್ಧ. ಅಂಥವರು ಕೊಬ್ಬು ತೆಗೆದ ಆಡಿನ ತೊಡೆ ಮಾಂಸದ ಕೈಮ ಬಳಸಬಹುದು. ಅದರ ಪ್ರಮಾಣ ಕಡಿಮೆ ಮಾಡಿ ಹೆಸರುಕಾಳನ್ನು ಹೆಚ್ಚಿಸಿದರೆ ಖರ್ಚೂ ಇಳಿಯುತ್ತದೆ.

ಸಸ್ಯಾಹಾರಿಗಳಿಗೆ ಸೋಯಾ ಚೂರು ಅನುಕೂಲಕರ. ತಲೆಗೆ 25 ಗ್ರಾಂನಂತೆ ಬಿಸಿನೀರಿನಲ್ಲಿ ನೆನೆಸಿ, ಚೆನ್ನಾಗಿ ಹಿಂಡಿ, ಅದೇ ಮಸಾಲೆಯಲ್ಲಿ ಬೇಯಿಸಿದರೆ ಸುಮಾರು 13 ಗ್ರಾಂ ಪ್ರೋಟೀನ್ ಸಿಗುತ್ತದೆ. ಸೋಯಾ ವಾಸನೆ ಒಗ್ಗದವರಿಗೆ ಮೊಳಕೆ ಹುರುಳಿಯೋ ಅಲಸಂದೆಯೋ ಇದೆ. ಆದರೆ ಕಾಳಿನಲ್ಲಿ ಪ್ರೋಟೀನಿನ ಜೊತೆಗೆ ಪಿಷ್ಟವೂ ಇರುವುದರಿಂದ, ಕಾಳು ಹೆಚ್ಚಿದಷ್ಟು ಶಾವಿಗೆ ಇನ್ನೊಂದಿಷ್ಟು ಕಡಿಮೆಯಾಗಬೇಕು.

ಮಾತ್ರೆಯ ಮಾತು

ಊಟ ಬದಲಿಸುವವರು ನೆನಪಿಡಬೇಕಾದ ಮುಖ್ಯ ಸಂಗತಿಗಳು ಕೆಲವಿವೆ. ಮಧುಮೇಹದ ಔಷಧಿಗಳಲ್ಲಿ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳು ಹಾಗೂ ಇನ್ಸುಲಿನ್, ಉಣ್ಣುವ ಆಹಾರದ ಅಂದಾಜಿನ ಮೇಲೆ ನಿಗದಿಯಾಗಿರುತ್ತವೆ. ಎರಡು ಮುದ್ದೆ ಉಣ್ಣುತ್ತಿದ್ದವರು ಏಕಾಏಕಿ ಅರ್ಧಕ್ಕೆ ಇಳಿಸಿ ಮಾತ್ರೆಯನ್ನು ಮೊದಲಿನಷ್ಟೇ ನುಂಗಿದರೆ ರಾತ್ರಿ ನಿದ್ದೆಯಲ್ಲಿ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ಎದೆ ಡವಗುಟ್ಟುವುದು, ಮಾತು ತೊದಲುವುದು ಅದರ ಲಕ್ಷಣ. ಎಚ್ಚರವಿದ್ದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೆ ವಿರುದ್ಧವಾಗಿ, ಸಾವೆ ಉಣ್ಣುತ್ತೇನೆಂದು ಮಾತ್ರೆಯನ್ನೇ ಬಿಟ್ಟವರಲ್ಲಿ ಸಕ್ಕರೆ ಸದ್ದಿಲ್ಲದೆ ಏರುತ್ತದೆ. ನೋವಿಲ್ಲವೆಂದು ತಿಂಗಳುಗಟ್ಟಲೆ ಸುಮ್ಮನಿದ್ದರೆ ಕಣ್ಣು, ಮೂತ್ರಪಿಂಡ, ಪಾದದ ನರಗಳು ಹಾನಿಗೊಳ್ಳುತ್ತವೆ. ಈಗಾಗಲೇ ಮೂತ್ರಪಿಂಡದ ತೊಂದರೆ ಇರುವವರು ಮಾಂಸ, ಕಾಳು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು. ಅವರಿಗೆ ಪ್ರೋಟೀನ್ ಮಿತಿಯಲ್ಲಿರಬೇಕಾಗುತ್ತದೆ.

ಎಷ್ಟು ಶಾವಿಗೆ ಸರಿ ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಅದನ್ನು ಮನೆಯಲ್ಲೇ ಕಂಡುಕೊಳ್ಳಬಹುದು. ಊಟದ ಮೊದಲ ತುತ್ತಿನಿಂದ ಎರಡು ಗಂಟೆ ಬಿಟ್ಟು ಗ್ಲುಕೋಮೀಟರಿನಲ್ಲಿ ರಕ್ತ ಪರೀಕ್ಷಿಸಿ, ಅಂದು ಉಂಡ ಅಳತೆಯ ಜೊತೆಗೆ ಬರೆದಿಡಬೇಕು. ಬಹುಪಾಲು ಮಧುಮೇಹಿಗಳಿಗೆ ಅದು 180ರೊಳಗೆ ಇರಬೇಕೆಂಬುದು ವೈದ್ಯರ ಸಾಮಾನ್ಯ ಗುರಿ. ವಯಸ್ಸಾದವರಿಗೆ ಈ ಗುರಿಯನ್ನು ವೈದ್ಯರು ಸಡಿಲಿಸುವುದೂ ಉಂಟು. ಒಂದು ವಾರ ಅನ್ನ, ಒಂದು ವಾರ ಮುದ್ದೆ, ಒಂದು ವಾರ ಈ ಶಾವಿಗೆ ಕೈಮ ಉಂಡು ಬರೆದ ಹಾಳೆಯನ್ನು ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಒಯ್ದರೆ, ಮಾತ್ರೆ ಇಳಿಸಬೇಕೋ ಹಿಟ್ಟು ಇಳಿಸಬೇಕೋ ಎಂಬುದನ್ನು ವೈದ್ಯರು ಅದನ್ನು ನೋಡಿ ಹೇಳಬಲ್ಲರು.